ಮುಂದೆ ಯಾವ ವಿಷಯವನ್ನು ಓದಬೇಕು?

ಪ್ರತಿ ವರ್ಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮೇಲೆ ನಮ್ಮ ನಾಡಿನ ಸಾವಿರಾರು ಮನೆಗಳಲ್ಲಿ ಒಂದೊಂದು ಸಣ್ಣ ಸಭೆ ಸೇರುತ್ತದೆ. ಆ ಸಭೆಗೆ ಅಧ್ಯಕ್ಷರೆಂಬವರು ಯಾರೂ ಇಲ್ಲ, ಸೇರಿದವರೆಲ್ಲರೂ ಅಧ್ಯಕ್ಷರೇ. ತಂದೆ ಒಂದು ಮಾತು ಹೇಳುತ್ತಾರೆ, ತಾಯಿ ಇನ್ನೊಂದು ಹೇಳುತ್ತಾರೆ, ಬೆಂಗಳೂರಿನಿಂದ ಬಂದ ಸೋದರಮಾವ ಮೂರನೆಯದನ್ನು ಹೇಳುತ್ತಾರೆ. ಪಕ್ಕದ ಮನೆಯವರು ಕರೆಯದಿದ್ದರೂ ಬಂದು ನಾಲ್ಕನೆಯದನ್ನು ಸೇರಿಸುತ್ತಾರೆ. ಯಾರ ವಿಚಾರವಾಗಿ ಇಷ್ಟೆಲ್ಲ ಚರ್ಚೆ ನಡೆಯುತ್ತದೆಯೋ ಆ ಹದಿನಾರು ವರ್ಷದ ಮಗು ಬಾಗಿಲ ಮರೆಯಲ್ಲಿ ನಿಂತು, ತನ್ನ ಪಾಲಿಗೆ ಏನು ಬರುತ್ತದೆಯೋ ಎಂದು ಕಾಯುತ್ತಿರುತ್ತದೆ.

ಕಾಲೇಜಿನ ಪ್ರವೇಶಪತ್ರದಲ್ಲಿ ನಾಲ್ಕು ವಿಷಯಗಳ ಹೆಸರನ್ನು ಬರೆಯಬೇಕು. ಬರೆಯುವುದಕ್ಕೆ ಹಿಡಿಯುವ ಹೊತ್ತು ಒಂದು ನಿಮಿಷ. ಅದರ ಫಲವನ್ನು ಉಣ್ಣುವುದು ನಲವತ್ತು ವರ್ಷ. ಈ ಆಯ್ಕೆಯನ್ನು ಕುರಿತು ಕೆಲವು ಮಾತುಗಳನ್ನು ತಮ್ಮೊಡನೆ ಆಡಬೇಕೆಂಬುದು ಈ ಹೊತ್ತಿನ ನಮ್ಮ ಉದ್ದೇಶ. ಇಂಥ ಮಗು ಇಂಥದನ್ನೇ ಓದತಕ್ಕದ್ದೆಂದು ವಿಧಿಸುವ ಅಧಿಕಾರ ನಮಗಿಲ್ಲ. ಯಾರಿಗೂ ಇಲ್ಲವೆಂದೇ ನಾವು ತಿಳಿದಿದ್ದೇವೆ. ಆಲೋಚಿಸುವ ಕ್ರಮ ಹೇಗಿದ್ದರೆ ಮುಂದೆ ಪಶ್ಚಾತ್ತಾಪಕ್ಕೆ ಅವಕಾಶ ಕಡಮೆಯಾದೀತು ಎಂಬುದನ್ನು ಮಾತ್ರ ವಿವರಿಸಲು ಯತ್ನಿಸುತ್ತೇವೆ.

ಮೊದಲು ಏರ್ಪಾಡು ಹೇಗಿದೆಯೆಂಬುದನ್ನು ತಿಳಿದುಕೊಳ್ಳೋಣ. ಕರ್ನಾಟಕದಲ್ಲಿ ಪ್ರೌಢಶಾಲೆಯ ತರುವಾಯ ಎರಡು ವರ್ಷಗಳ ಪದವಿಪೂರ್ವ ವ್ಯಾಸಂಗ, ಅಂದರೆ ಪಿ.ಯು.ಸಿ., ಇದೆ. ಅದರಲ್ಲಿ ಎರಡು ಭಾಷೆಗಳು, ನಾಲ್ಕು ಐಚ್ಛಿಕ ವಿಷಯಗಳು; ಒಂದೊಂದಕ್ಕೆ ೧೦೦ರಂತೆ ಒಟ್ಟು ೬೦೦ ಅಂಕಗಳು. ಐಚ್ಛಿಕ ವಿಷಯಗಳು ವಿಜ್ಞಾನ, ವಾಣಿಜ್ಯ, ಕಲೆ ಎಂಬ ಮೂರು ವಿಭಾಗಗಳಾಗಿ ಗುಂಪುಗೂಡಿವೆ. ವಿಜ್ಞಾನದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರರ ಜೊತೆಗೆ ನಾಲ್ಕನೆಯದಾಗಿ ಜೀವಶಾಸ್ತ್ರವನ್ನೋ ಗಣಕವಿಜ್ಞಾನವನ್ನೋ ಎಲೆಕ್ಟ್ರಾನಿಕ್ಸನ್ನೋ ಸಂಖ್ಯಾಶಾಸ್ತ್ರವನ್ನೋ ತೆಗೆದುಕೊಳ್ಳುವುದು ವಾಡಿಕೆ. ವಾಣಿಜ್ಯದಲ್ಲಿ ಅರ್ಥಶಾಸ್ತ್ರ, ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ. ಇವುಗಳೊಡನೆ ಇತಿಹಾಸ, ಸಂಖ್ಯಾಶಾಸ್ತ್ರ, ಮೂಲ ಗಣಿತ, ಗಣಕವಿಜ್ಞಾನ ಇವುಗಳಲ್ಲಿ ಒಂದು. ಕಲಾ ವಿಭಾಗದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಭೂಗೋಳ, ಐಚ್ಛಿಕ ಕನ್ನಡ ಮೊದಲಾದವು. ಜನರು ಈ ಗುಂಪುಗಳನ್ನು ಪಿ.ಸಿ.ಎಂ.ಬಿ., ಎಚ್.ಇ.ಪಿ.ಎಸ್. ಎಂದು ಇಂಗ್ಲಿಷ್ ಅಕ್ಷರಗಳ ಗುರುತಿನಿಂದಲೇ ಕರೆಯುತ್ತಾರೆ. ಇದಲ್ಲದೆ, ಪ್ರೌಢಶಾಲೆಯಿಂದ ನೇರವಾಗಿ ಪಾಲಿಟೆಕ್ನಿಕ್ಕಿಗೆ ಹೋಗಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಬೇಕಾದರೆ ಅನಂತರ ಇಂಜಿನಿಯರಿಂಗ್ ಕಾಲೇಜಿನ ಎರಡನೆಯ ವರ್ಷಕ್ಕೇ ಸೇರುವ ದಾರಿಯೂ ಉಂಟು. ಕೈಕೆಲಸದಲ್ಲಿ ಚುರುಕಾದ ಮಕ್ಕಳ ತಂದೆತಾಯಿಗಳು ಈ ದಾರಿಯನ್ನು ಬಹಳ ಸಲ ಮರೆತೇಬಿಡುತ್ತಾರೆ.

ಸಾಮಾನ್ಯವಾಗಿ ಮನೆಯವರು ಕೇಳುವ ಪ್ರಶ್ನೆ ಒಂದೇ: “ಇದನ್ನು ಓದಿದರೆ ಏನಾಗಬಹುದು?” ಈ ಪ್ರಶ್ನೆ ತಪ್ಪಲ್ಲ; ಆದರೆ ಇದಕ್ಕೆ ಉತ್ತರ ಹೇಳುವುದು ಕಷ್ಟ. ಹತ್ತು ವರ್ಷದ ಮೇಲೆ ಯಾವ ಉದ್ಯೋಗಕ್ಕೆ ಬೆಲೆ ಇರುತ್ತದೆಂಬುದನ್ನು ಖಚಿತವಾಗಿ ಹೇಳಬಲ್ಲವರನ್ನು ನಾವು ಕಂಡಿಲ್ಲ. ಅದಕ್ಕಿಂತ ಸ್ಪಷ್ಟವಾದ ಉತ್ತರ ದೊರಕುವ ಪ್ರಶ್ನೆ ಬೇರೊಂದಿದೆ: “ಇದನ್ನು ಬಿಟ್ಟರೆ ಯಾವ ಬಾಗಿಲು ಮುಚ್ಚುತ್ತದೆ? ಮುಚ್ಚಿದ್ದನ್ನು ಮತ್ತೆ ತೆರೆಯಬಹುದೆ?” ಇದು ಊಹೆಯ ವಿಷಯವಲ್ಲ, ನಿಯಮದ ವಿಷಯ, ವಿಚಾರಿಸಿದರೆ ತಿಳಿಯುತ್ತದೆ.

ಮುಖ್ಯವಾದ ಕೆಲವು ನಿಯಮಗಳನ್ನು ಹೇಳುತ್ತೇವೆ. ಇಂಜಿನಿಯರಿಂಗ್ ವ್ಯಾಸಂಗಕ್ಕೆ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು. ವಾಸ್ತುಶಿಲ್ಪದ ಪದವಿಗೆ ಚಿತ್ರಕಲೆಯ ಕೈವಾಡ ಸಾಲದು, ಗಣಿತವೂ ಬೇಕು. ವೈದ್ಯವಿದ್ಯೆಗೆ ನೀಟ್ ಎಂಬ ಅಖಿಲ ಭಾರತ ಪ್ರವೇಶಪರೀಕ್ಷೆ ಇದೆ. ಅದಕ್ಕೆ ಭೌತ, ರಸಾಯನ, ಜೀವಶಾಸ್ತ್ರಗಳು ಅಗತ್ಯ. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರವನ್ನು ಬಿಟ್ಟವರಿಗೆ ಬಹುಕಾಲ ಈ ಬಾಗಿಲು ಮುಚ್ಚಿಯೇ ಇತ್ತು. ೨೦೨೩ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಹನ್ನೆರಡನೆಯ ತರಗತಿ ಮುಗಿದ ಮೇಲೆ ಮಾನ್ಯತೆ ಪಡೆದ ಮಂಡಲಿಯ ಮೂಲಕ ಜೀವಶಾಸ್ತ್ರವನ್ನು ಹೆಚ್ಚಿನ ವಿಷಯವಾಗಿ ಓದಿ ತೇರ್ಗಡೆಯಾದವರಿಗೂ ಪರೀಕ್ಷೆಗೆ ಕೂರಲು ಅವಕಾಶ ಕೊಟ್ಟಿತು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಭೂಸೇನೆಯ ವಿಭಾಗಕ್ಕೆ ಯಾವ ಐಚ್ಛಿಕ ವಿಷಯಗಳನ್ನು ಓದಿದವರಾದರೂ ಅರ್ಜಿ ಹಾಕಬಹುದು. ವಾಯುಸೇನೆ, ನೌಕಾಸೇನೆಗಳಿಗೆ ಭೌತ, ರಸಾಯನ, ಗಣಿತಗಳು ಬೇಕು. ೨೦೨೧ರಿಂದ ಈ ಪರೀಕ್ಷೆ ಹೆಣ್ಣುಮಕ್ಕಳಿಗೂ ತೆರೆದಿದೆ. ಆದುದರಿಂದ ಈ ಮಾತನ್ನು ಹುಡುಗಿಯರ ತಂದೆತಾಯಿಗಳೂ ಗಮನಿಸಬೇಕು.

ಇನ್ನೊಂದು ಕಡೆ, ಯಾವ ವಿಷಯವನ್ನು ಓದಿದ್ದರೂ ತೆರೆದಿರುವ ಬಾಗಿಲುಗಳಿವೆ. ಐದು ವರ್ಷದ ಕಾನೂನು ವ್ಯಾಸಂಗಕ್ಕೆ ಮೂರು ವಿಭಾಗದವರೂ ಹೋಗಬಹುದು. ಚಾರ್ಟರ್ಡ್ ಅಕೌಂಟೆಂಟ್ ಆಗಲು ವಾಣಿಜ್ಯವನ್ನೇ ಓದಿರಬೇಕೆಂಬ ಕಟ್ಟುಪಾಡಿಲ್ಲ. ಆದರೆ ಅದರ ಮೊದಲ ಪರೀಕ್ಷೆಯಲ್ಲೇ ಲೆಕ್ಕಶಾಸ್ತ್ರ, ವ್ಯವಹಾರದ ಕಾನೂನು, ಅರ್ಥಶಾಸ್ತ್ರಗಳ ಜೊತೆಗೆ ಗಣಿತ ಮತ್ತು ಸಂಖ್ಯಾಶಾಸ್ತ್ರದ ಪತ್ರಿಕೆಯೊಂದು ಇರುವುದರಿಂದ, ಲೆಕ್ಕಕ್ಕೆ ಹೆದರಿ ವಾಣಿಜ್ಯಕ್ಕೆ ಬಂದವರು ಅಲ್ಲಿಯೂ ಅದನ್ನೇ ಎದುರಿಸಬೇಕಾಗುತ್ತದೆ. ಐ.ಎ.ಎಸ್. ಮೊದಲಾದ ಕೇಂದ್ರ ಸೇವೆಗಳ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು. ಅರ್ಥಶಾಸ್ತ್ರವನ್ನು ಮೇಲ್ಮಟ್ಟದಲ್ಲಿ ಓದಬಯಸುವವರಿಗೆ ಮಾತ್ರ ಒಂದು ಎಚ್ಚರಿಕೆ: ದೆಹಲಿ ವಿಶ್ವವಿದ್ಯಾಲಯದಂಥ ಕೆಲವು ಕಡೆಗಳಲ್ಲಿ ಅರ್ಥಶಾಸ್ತ್ರದ ಆನರ್ಸ್ ಪದವಿಗೆ ಗಣಿತವನ್ನು ಓದಿರಲೇಬೇಕು.

ಈ ನಿಯಮಗಳನ್ನೆಲ್ಲ ಒಟ್ಟಿಗೆ ನೋಡಿದವರಿಗೆ ಒಂದು ಅಂಶ ಎದ್ದು ಕಾಣುತ್ತದೆ. ವಿಜ್ಞಾನದಿಂದ ಕಲೆಗೋ ವಾಣಿಜ್ಯಕ್ಕೋ ಕಾನೂನಿಗೋ ಅನಂತರ ಹೊರಳಬಹುದು. ಆ ಕಡೆಯಿಂದ ವಿಜ್ಞಾನಕ್ಕೆ ಮರಳಿ ಬರುವ ಹಾದಿ ಇಲ್ಲವೆಂದೇ ಹೇಳಬೇಕು. ಅದು ಒಮ್ಮುಖದ ಸೇತುವೆ. ಇದನ್ನು ಅರಿತ ತಂದೆತಾಯಿಗಳು ಸಹಜವಾಗಿಯೇ ಒಂದು ತೀರ್ಮಾನಕ್ಕೆ ಬರುತ್ತಾರೆ: “ಹಾಗಾದರೆ ಎಲ್ಲರೂ ವಿಜ್ಞಾನವನ್ನೇ ತೆಗೆದುಕೊಳ್ಳಲಿ, ಆಮೇಲೆ ನೋಡಿಕೊಳ್ಳೋಣ.” ಈ ತೀರ್ಮಾನ ನೋಡುವುದಕ್ಕೆ ಬಹಳ ವಿವೇಕಯುತವಾಗಿದೆ. ನಮ್ಮ ಇಂದಿನ ಮಾತಿನ ತಿರುಳೆಲ್ಲ ಇದನ್ನು ಪರೀಕ್ಷಿಸುವುದರಲ್ಲಿಯೇ ಇದೆ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಊರು ಚಿತ್ರದುರ್ಗವೆಂದಿಟ್ಟುಕೊಳ್ಳಿ. ತಂದೆ ಬ್ಯಾಂಕಿನಲ್ಲಿ ಗುಮಾಸ್ತರು. ಮಗಳಿಗೆ ೬೨೫ಕ್ಕೆ ೫೭೦ ಅಂಕಗಳು ಬಂದಿವೆ. ಆಕೆ ವೃತ್ತಪತ್ರಿಕೆಯಲ್ಲಿ ಮಾರುಕಟ್ಟೆಯ ಧಾರಣೆಯನ್ನು ಓದುವ ಹುಡುಗಿ. ಕಳೆದ ತಿಂಗಳು ಕೇಳುವವರಿಲ್ಲದಿದ್ದ ಈರುಳ್ಳಿಗೆ ಈ ತಿಂಗಳು ಇಷ್ಟು ಬೆಲೆ ಏಕೆ ಬಂತೆಂದು ತಂದೆಯನ್ನು ಕಾಡುವವಳು.

“ಅಪ್ಪ, ನನಗೆ ಅರ್ಥಶಾಸ್ತ್ರ ಓದಬೇಕೂಂತ ಇದೆ” ಎನ್ನುತ್ತಾಳೆ.

“ಇಷ್ಟು ಅಂಕ ಬಂದವರು ಯಾರಾದರೂ ವಿಜ್ಞಾನ ಬಿಡುತ್ತಾರೆಯೇ ಮಗು? ಮೊದಲು ಅದನ್ನು ತೊಗೊ. ಆಮೇಲೆ ಯಾವುದಕ್ಕೆ ಬೇಕಾದರೂ ಹೋಗಬಹುದು” ಎಂದು ತಂದೆ ಹೇಳುತ್ತಾರೆ.

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಇಬ್ಬರ ಮಾತಿನಲ್ಲಿಯೂ ಕೊರತೆಯಿದೆ. ತಂದೆಯ ಮಾತನ್ನು ಮೊದಲು ನೋಡೋಣ. ಅವರು ವಿಜ್ಞಾನವನ್ನು ವಿಮೆಯಂತೆ ಎಣಿಸಿದ್ದಾರೆ. ಆದರೆ ಯಾವ ವಿಮೆಯೂ ಪುಕ್ಕಟೆ ಬರುವುದಿಲ್ಲ, ಕಂತು ಕಟ್ಟಬೇಕು. ಇಲ್ಲಿ ಕಂತು ಕಟ್ಟತಕ್ಕವಳು ಮಗಳು. ಎರಡು ವರ್ಷ ದಿನಕ್ಕೆ ಹತ್ತು ಗಂಟೆ, ಒಲ್ಲದ ಪಾಠದ ಮುಂದೆ ಕುಳಿತು ಆಕೆ ಅದನ್ನು ಕಟ್ಟಬೇಕಾಗುತ್ತದೆ. ಕರ್ನಾಟಕದ ಇಂಜಿನಿಯರಿಂಗ್ ಪ್ರವೇಶದಲ್ಲಿ ಪಿ.ಯು.ಸಿ. ಅಂಕಗಳಿಗೆ ಅರ್ಧ, ಪ್ರವೇಶಪರೀಕ್ಷೆಯ ಅಂಕಗಳಿಗೆ ಅರ್ಧ ಲೆಕ್ಕ. ಸಾಮಾನ್ಯ ವರ್ಗದವರಿಗೆ ಶೇಕಡ ೪೫ ಬಂದರೆ ಅರ್ಹತೆಯೇನೋ ದೊರಕುತ್ತದೆ. ಆದರೆ ಶೇಕಡ ೪೫ ತೆಗೆದುಕೊಂಡವರಿಗೆ ಒಳ್ಳೆಯ ಕಾಲೇಜಿನಲ್ಲಿ, ಬೇಕಾದ ವಿಭಾಗದಲ್ಲಿ, ಸರ್ಕಾರಿ ಶುಲ್ಕಕ್ಕೆ ಸ್ಥಳ ದೊರಕುವುದು ದುರ್ಲಭ. ಬಾಗಿಲು ನಿಯಮದಲ್ಲಿ ತೆರೆದಿರುವುದು ಒಂದು; ಆ ಮಗುವಿನ ಕಾಲು ಅಲ್ಲಿಗೆ ನಡೆದುಹೋಗುವುದು ಇನ್ನೊಂದು. ಮನೆಯವರು ಮೊದಲನೆಯದನ್ನು ನೋಡಿ ಎರಡನೆಯದು ಆಯಿತೆಂದೇ ತಿಳಿಯುತ್ತಾರೆ. ಕೊನೆಗೆ ಆ ಬಾಗಿಲಿಗೂ ಹೋಗದೆ, ಅಂಕಗಳು ಕುಸಿದುದರಿಂದ ತನಗೆ ಪ್ರಿಯವಾದ ಬಾಗಿಲಿಗೂ ಸಲ್ಲದೆ, ಎಲ್ಲಕ್ಕಿಂತ ಹೆಚ್ಚಾಗಿ ‘ನನ್ನಿಂದ ಆಗದು’ ಎಂಬ ಮಾತನ್ನು ಮನಸ್ಸಿನಲ್ಲಿ ನೆಟ್ಟುಕೊಂಡು ಮಗು ಹೊರಗೆ ಬರುತ್ತದೆ. ವಿಮೆಯಿಂದಲೇ ನಷ್ಟವಾದಂತಾಯಿತು.

ಇನ್ನು ಮಗಳ ಮಾತು. ಆಕೆಗೆ ಅರ್ಥಶಾಸ್ತ್ರ ಬೇಕು. ಆದರೆ ಅರ್ಥಶಾಸ್ತ್ರವೆಂದರೆ ಧಾರಣೆಯ ಸುದ್ದಿ ಮಾತ್ರವಲ್ಲ. ಮೇಲೆ ಹೋದಂತೆಲ್ಲ ಅದರಲ್ಲಿ ಗಣಿತವೂ ಸಂಖ್ಯಾಶಾಸ್ತ್ರವೂ ತುಂಬಿಕೊಳ್ಳುತ್ತವೆ. ಗಣಿತದಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಆಕೆ ಇತಿಹಾಸವಿರುವ ಗುಂಪನ್ನು ಆರಿಸಿದರೆ, ತಾನು ಬಯಸಿದ ವಿದ್ಯೆಯ ಬಾಗಿಲನ್ನೇ ತನ್ನ ಕೈಯಿಂದ ಅರ್ಧ ಮುಚ್ಚಿದಂತೆ. ಇದು ಆಕೆಗೆ ಯಾರೂ ಹೇಳದ ಸಂಗತಿ.

ಇಲ್ಲಿ ವಿದ್ಯೆಗಳ ಸ್ವಭಾವವನ್ನು ಕುರಿತು ಒಂದು ಮಾತು ಹೇಳಬೇಕು. ಕೆಲವು ವಿದ್ಯೆಗಳು ಮೆಟ್ಟಿಲಿನ ಸಾಲಿನಂತೆ, ಕೆಲವು ತೋಟದಂತೆ. ಗಣಿತ ಮೆಟ್ಟಿಲಿನ ಜಾತಿಗೆ ಸೇರಿದ್ದು. ಫಲನವೆಂದರೇನೆಂದು ತಿಳಿಯದವನಿಗೆ ಮಿತಿ ತಿಳಿಯದು. ಮಿತಿ ತಿಳಿಯದವನಿಗೆ ಅವಕಲನ ತಿಳಿಯದು. ಅವಕಲನ ಬಾರದವನು ಸಮಾಕಲನದ ಬಳಿ ಸುಳಿಯಲಾರ. ಭೌತಶಾಸ್ತ್ರವೂ ಬಹುಮಟ್ಟಿಗೆ ಹೀಗೆಯೇ. ಇತಿಹಾಸ, ಸಾಹಿತ್ಯ, ರಾಜ್ಯಶಾಸ್ತ್ರಗಳೋ ತೋಟದಂಥವು. ಯಾವ ಬೇಲಿಯ ದಾರಿಯಿಂದ ಒಳಹೊಕ್ಕರೂ ಅಲ್ಲಲ್ಲಿ ಹಣ್ಣು ದೊರಕುತ್ತದೆ. ನಲವತ್ತನೆಯ ವಯಸ್ಸಿನಲ್ಲಿ ವಿಜಯನಗರದ ಚರಿತ್ರೆಯನ್ನು ಹಿಡಿದು ಕುಳಿತು ಒಳ್ಳೆಯ ವಿದ್ವಾಂಸರಾದವರು ಉಂಟು. ಆ ವಯಸ್ಸಿನಲ್ಲಿ ಗಣಿತವನ್ನು ಮೊದಲಿನಿಂದ ಒಬ್ಬರೇ ಕಲಿತವರು ಅಪರೂಪ. ಇದರಿಂದ ವಿಜ್ಞಾನ ಮೇಲು, ಕಲೆ ಕೀಳು ಎಂದಾಗುವುದಿಲ್ಲ. ತೋಟವನ್ನು ಬೆಳೆಸುವ ಶ್ರಮ ಮೆಟ್ಟಿಲು ಹತ್ತುವ ಶ್ರಮಕ್ಕಿಂತ ಏನೂ ಕಡಮೆಯಲ್ಲ. ಆದರೆ ಎರಡು ವಿಷಯಗಳಲ್ಲಿ ಸಮನಾದ ಪ್ರೀತಿಯೂ ಸಮನಾದ ಶಕ್ತಿಯೂ ಇರುವ ಮಗುವಿಗೆ, ಮೆಟ್ಟಿಲಿನ ವಿದ್ಯೆಯನ್ನು ಗುರುವಿನ ಎದುರಿನಲ್ಲಿ ಈಗಲೇ ಕಲಿತುಕೊಳ್ಳುವುದು ಲೇಸೆಂದು ಹೇಳಬಹುದು.

ಇದಕ್ಕೆ ಒಂದು ಉದಾಹರಣೆ. ವೆಂಕಟರಾಮನ್ ರಾಮಕೃಷ್ಣನ್ ಅವರು ೧೯೭೧ರಲ್ಲಿ ಬರೋಡದಲ್ಲಿ ಭೌತಶಾಸ್ತ್ರದ ಪದವಿ ಪಡೆದು, ೧೯೭೬ರಲ್ಲಿ ಅಮೆರಿಕದಲ್ಲಿ ಅದೇ ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ತರುವಾಯ ತಮ್ಮ ಮನಸ್ಸು ಜೀವಶಾಸ್ತ್ರದ ಕಡೆಗೆ ಇದೆಯೆಂದು ಕಂಡುಕೊಂಡು ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಜೀವಕೋಶದೊಳಗಿನ ರೈಬೋಸೋಮಿನ ರಚನೆಯನ್ನು ಬಿಡಿಸಿದುದಕ್ಕಾಗಿ ೨೦೦೯ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲು ದೊರೆಯಿತು, ಅದೂ ರಸಾಯನಶಾಸ್ತ್ರದಲ್ಲಿ. ಮೆಟ್ಟಿಲನ್ನು ಮೊದಲು ಹತ್ತಿದ್ದರಿಂದ ಅವರು ಬೇರೊಂದು ಅಂಗಳಕ್ಕೆ ಇಳಿಯುವುದು ಸಾಧ್ಯವಾಯಿತು.

ಹಾಗಾದರೆ ಮಗುವಿಗೆ ಮೆಟ್ಟಿಲು ಹತ್ತುವ ಶಕ್ತಿಯಿದೆಯೆ, ಪ್ರೀತಿಯಿದೆಯೆ ಎಂಬುದನ್ನು ತಿಳಿಯುವುದು ಹೇಗೆ? ಎಸ್.ಎಸ್.ಎಲ್.ಸಿ. ಅಂಕಗಳೇ ಇದಕ್ಕೆ ಪ್ರಮಾಣವೆಂದು ಬಹುಮಂದಿ ಭಾವಿಸುತ್ತಾರೆ. ಅಂಕಗಳು ಸುಳ್ಳು ಹೇಳುವುದಿಲ್ಲ, ಆದರೆ ಪೂರ್ತಿ ನಿಜವನ್ನೂ ಹೇಳುವುದಿಲ್ಲ. ಪ್ರೌಢಶಾಲೆಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳು ಮೂರೂ ಸೇರಿ ಒಂದೇ ಪತ್ರಿಕೆ, ಪಿ.ಯು.ಸಿ.ಯಲ್ಲಿ ಅವು ಮೂರು ಬೇರೆಬೇರೆ ಶಾಸ್ತ್ರಗಳಾಗಿ ಎದುರು ನಿಲ್ಲುತ್ತವೆ. ಪ್ರೌಢಶಾಲೆಯ ಗಣಿತವನ್ನು ಮಾದರಿ ಲೆಕ್ಕಗಳ ಅಭ್ಯಾಸದಿಂದಲೇ ಬಹುಮಟ್ಟಿಗೆ ಗೆಲ್ಲಬಹುದು. ಕಾಲೇಜಿನ ಮೊದಲ ವರ್ಷದ ಗಣಿತದಲ್ಲಿ ಹೊಸ ಭಾವನೆಗಳೇ ಬರುತ್ತವೆ. ೯೫ ಅಂಕ ಪಡೆದಿದ್ದ ಮಕ್ಕಳು ಮೊದಲ ಕಿರುಪರೀಕ್ಷೆಯಲ್ಲಿ ೪೦ಕ್ಕೆ ಇಳಿದು ದಿಗ್ಭ್ರಾಂತರಾಗುವುದು ಅಧ್ಯಾಪಕರೆಲ್ಲರೂ ಬಲ್ಲ ಸಂಗತಿ.

ಆದಕಾರಣ ನಾವು ಒಂದು ಸುಲಭವಾದ ಪರೀಕ್ಷೆಯನ್ನು ಸೂಚಿಸುತ್ತೇವೆ. ಇದಕ್ಕೆ ಖರ್ಚಿಲ್ಲ. ನೆರೆಮನೆಯಲ್ಲೋ ಬಂಧುಗಳಲ್ಲೋ ಪಿ.ಯು.ಸಿ. ಮುಗಿಸಿದ ಮಕ್ಕಳು ಇದ್ದೇ ಇರುತ್ತಾರೆ. ಅವರಿಂದ ಮೊದಲ ವರ್ಷದ ಪಠ್ಯಪುಸ್ತಕಗಳನ್ನು ಎರವಲು ತಂದು, ಮನಸ್ಸಿನಲ್ಲಿರುವ ಒಂದೊಂದು ವಿಷಯಕ್ಕೂ ಮೂರು ಮೂರು ದಿನ ಕೊಡಿ. ಒಂದು ಅಧ್ಯಾಯವನ್ನು ಮಗು ತಾನೇ ಓದಲಿ. ಕೊನೆಯಲ್ಲಿರುವ ಪ್ರಶ್ನೆಗಳನ್ನು ತಾನೇ ಬಿಡಿಸಲು ಯತ್ನಿಸಲಿ. ಎಷ್ಟು ಉತ್ತರ ಸರಿಯಾಯಿತೆಂಬುದನ್ನು ಎಣಿಸಬೇಡಿ. ತಪ್ಪಾದಾಗ ಮಗು ಏನು ಮಾಡಿತೆಂಬುದನ್ನು ನೋಡಿ. ಪುಸ್ತಕ ಮುಚ್ಚಿ ಎದ್ದುಹೋಯಿತೆ? ಅಥವಾ ಊಟಕ್ಕೆ ಕರೆದರೂ ಬಾರದೆ ಇನ್ನೊಮ್ಮೆ ಹಿಡಿಯಿತೆ? ಈ ಎರಡನೆಯ ಲಕ್ಷಣ ಕಂಡ ಕಡೆ ಆಸಕ್ತಿಯ ಬೇರು ಇದೆಯೆಂದು ತಿಳಿಯಬಹುದು. ಹೊಗಳುವವರಿಲ್ಲದ ದಿನದಲ್ಲಿಯೂ ಕೈ ಯಾವ ಪುಸ್ತಕದ ಕಡೆಗೆ ಹೋಗುತ್ತದೆಯೋ ಅದೇ ಆ ಮಗುವಿನ ವಿಷಯ.

ಈ ಪರೀಕ್ಷೆಯಿಂದ ಇನ್ನೊಂದು ಲಾಭವುಂಟು. ದೂರದ ಬೆಟ್ಟ ನುಣ್ಣಗೆ ಎಂಬಂತೆ, ಮಕ್ಕಳು ಉದ್ಯೋಗದ ವೇಷವನ್ನು ಕಂಡು ವಿಷಯವನ್ನು ಆರಿಸುತ್ತಾರೆ. ಕೊರಳಲ್ಲಿ ಸ್ಟೆತಾಸ್ಕೋಪು ತೂಗುವ ಚಿತ್ರ ಮನಸ್ಸಿನಲ್ಲಿರುತ್ತದೆ. ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಸಸ್ಯಗಳ ವರ್ಗೀಕರಣವಿದೆ, ಜೀವಕೋಶದ ಚಿತ್ರ ಬರೆಯುವುದಿದೆ, ನೂರಾರು ಹೆಸರುಗಳನ್ನು ನೆನಪಿಡುವುದಿದೆ. ಅಂಕಿ ಅಂಶಗಳನ್ನೂ ನೋಡೋಣ. ೨೦೨೪ರಲ್ಲಿ ನೀಟ್ ಪರೀಕ್ಷೆಗೆ ಕುಳಿತವರು ದೇಶದಲ್ಲಿ ೨೩ ಲಕ್ಷಕ್ಕೂ ಹೆಚ್ಚು, ಎಂ.ಬಿ.ಬಿ.ಎಸ್. ಸ್ಥಾನಗಳು ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ. ಅವುಗಳಲ್ಲಿ ಸರ್ಕಾರಿ ಕಾಲೇಜಿನವು ಸುಮಾರು ಅರ್ಧ. ಇದನ್ನು ಹೇಳುವುದು ಹೆದರಿಸುವುದಕ್ಕಲ್ಲ. ಜೀವಶಾಸ್ತ್ರವನ್ನು ತೆಗೆದುಕೊಳ್ಳುವ ಮಗುವಿಗೆ ವೈದ್ಯಪದವಿ ದೊರಕದಿದ್ದರೂ ಆ ಶಾಸ್ತ್ರ ಪ್ರಿಯವಾಗಿಯೇ ಉಳಿಯುವುದೆ ಎಂದು ಮೊದಲೇ ಕೇಳಿಕೊಳ್ಳಬೇಕು. ಉಳಿಯುವುದಾದರೆ ಕೃಷಿವಿಜ್ಞಾನ, ಪಶುವೈದ್ಯ, ಔಷಧಶಾಸ್ತ್ರ, ಶುಶ್ರೂಷೆ, ಸಂಶೋಧನೆ ಎಂದು ಹಲವು ಹಾದಿಗಳಿವೆ. ಎರಡನೆಯ ದಾರಿಯೂ ಮನಸ್ಸಿಗೆ ಒಪ್ಪಿಗೆಯಾಗಿರುವ ವಿಷಯವನ್ನೇ ಆರಿಸುವುದು ಜಾಣತನ.

ಇಲ್ಲಿ ಕನ್ನಡ ಮಾಧ್ಯಮದಿಂದ ಬರುವ ಮಕ್ಕಳನ್ನು ಕುರಿತು ವಿಶೇಷವಾಗಿ ಅರಿಕೆ ಮಾಡಿಕೊಳ್ಳಬೇಕಾಗಿದೆ. ವಿಜ್ಞಾನದ ಪಾಠಗಳು ಕಾಲೇಜಿನಲ್ಲಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತವೆ. ಹತ್ತು ವರ್ಷ ‘ವೇಗೋತ್ಕರ್ಷ’ವೆಂದು ಓದಿದ ಮಗುವಿಗೆ ‘ಆಕ್ಸಿಲರೇಷನ್’ ಎಂದಾಗ ತಾನು ಬಲ್ಲ ವಸ್ತುವೇ ಅಪರಿಚಿತವಾಗಿ ಕಾಣುತ್ತದೆ. ಮೊದಲ ಮೂರು ನಾಲ್ಕು ತಿಂಗಳ ಈ ಕಷ್ಟ ಭಾಷೆಯದು, ಶಾಸ್ತ್ರದ್ದಲ್ಲ. ಮಗುವೂ ಮನೆಯವರೂ ಈ ಭೇದವನ್ನು ಅರಿಯದೆ, ವಿಷಯವೇ ಕೈಗೆ ಎಟುಕದೆಂದು ಹತಾಶರಾಗುತ್ತಾರೆ. ಎರಡು ಭಾಷೆಯ ಪಾರಿಭಾಷಿಕ ಪದಗಳನ್ನು ಎದುರುಬದುರಾಗಿ ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತ ಬಂದರೆ ಆರು ತಿಂಗಳಲ್ಲಿ ಈ ಅಡಚಣೆ ಬಹುಮಟ್ಟಿಗೆ ತೊಲಗುತ್ತದೆ. ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ೧೩ ಭಾಷೆಗಳಲ್ಲಿ ದೊರೆಯುತ್ತದೆಂಬುದನ್ನೂ, ಅವುಗಳಲ್ಲಿ ಕನ್ನಡವೂ ಒಂದೆಂಬುದನ್ನೂ ಈ ಮಕ್ಕಳು ತಿಳಿದಿರಬೇಕು. ವಿಜ್ಞಾನದಲ್ಲಿ ನಿಜವಾದ ಒಲವಿರುವ ಹಳ್ಳಿಯ ಮಗು ಇಂಗ್ಲಿಷಿಗೆ ಹೆದರಿ ಅದನ್ನು ಬಿಟ್ಟರೆ, ಅದು ಆ ಮಗುವಿಗೆ ಮಾತ್ರವಲ್ಲ, ನಾಡಿಗೂ ನಷ್ಟ.

ಕಲಾ ವಿಭಾಗವನ್ನು ಕುರಿತು ನಮ್ಮ ಪಟ್ಟಣಗಳಲ್ಲಿ ಒಂದು ಬಗೆಯ ಅನಾದರ ಬೇರೂರಿದೆ. ‘ಬೇರೆ ಏನೂ ಸಿಕ್ಕದವರು ಹೋಗುವ ಜಾಗ’ ಎಂಬ ಮಾತನ್ನು ನಾವೂ ಕೇಳಿದ್ದೇವೆ. ನ್ಯಾಯಾಧೀಶರು, ಆಡಳಿತಾಧಿಕಾರಿಗಳು, ಪತ್ರಕರ್ತರು, ಅಧ್ಯಾಪಕರು, ಮನಶ್ಶಾಸ್ತ್ರಜ್ಞರು ಇವರಲ್ಲಿ ಎಷ್ಟೋ ಮಂದಿ ಈ ಜಾಗದಿಂದಲೇ ಹೊರಟವರು. ತೋಟವನ್ನು ಬೆಳೆಸಲು ಬಂದ ಮಗುವಿಗೆ ಅಲ್ಲಿ ಬೇಕಾದಷ್ಟು ಕೆಲಸವಿದೆ. ಮೆಟ್ಟಿಲಿಗೆ ಹೆದರಿ ಓಡಿಬಂದ ಮಗುವಿಗೆ ಮಾತ್ರ ತೋಟವೂ ಬೀಳುಭೂಮಿಯಾಗುತ್ತದೆ. ಯಾವ ವಿಭಾಗವೂ ಆಶ್ರಯಧಾಮವಲ್ಲವೆಂಬುದನ್ನು ನೆನಪಿಡಬೇಕು.

ಓದಿದ ವಿಷಯವೂ ಹಿಡಿದ ಉದ್ಯೋಗವೂ ಒಂದೇ ಆಗಬೇಕೆಂಬ ಎಣಿಕೆಯನ್ನೂ ಸ್ವಲ್ಪ ಸಡಿಲಿಸಬೇಕು. ಸಿ. ವಿ. ರಾಮನ್ ಅವರು ಭೌತಶಾಸ್ತ್ರದಲ್ಲಿ ಎಂ.ಎ. ಪಡೆದು ೧೯೦೭ರಲ್ಲಿ ಸೇರಿದ್ದು ಸರ್ಕಾರದ ಹಣಕಾಸಿನ ಇಲಾಖೆಯನ್ನು. ಹತ್ತು ವರ್ಷ ಹಗಲು ಕಚೇರಿಯ ಲೆಕ್ಕಪತ್ರ, ಬಿಡುವಿನ ಹೊತ್ತು ಕಲ್ಕತ್ತೆಯ ಪ್ರಯೋಗಶಾಲೆ. ೧೯೧೭ರಲ್ಲಿ ಪ್ರಾಧ್ಯಾಪಕ ಪದವಿ, ೧೯೩೦ರಲ್ಲಿ ನೊಬೆಲ್ ಬಹುಮಾನ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಎಂ.ಎ.ಗೆ ಓದಿದ್ದು ಇಂಗ್ಲಿಷ್ ಸಾಹಿತ್ಯ, ಉದ್ಯೋಗ ಮೈಸೂರು ಸಂಸ್ಥಾನದ ಆಡಳಿತ, ಬರೆದದ್ದು ಕನ್ನಡ ಕಥೆ. ಬಿ. ಜಿ. ಎಲ್. ಸ್ವಾಮಿಯವರು ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ಆ ಸಸ್ಯಗಳನ್ನೇ ಕುರಿತು ಕನ್ನಡದಲ್ಲಿ ಬರೆದ ‘ಹಸುರು ಹೊನ್ನು’ ಗ್ರಂಥಕ್ಕೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಪ್ರವೇಶಪತ್ರದಲ್ಲಿ ಬಿಟ್ಟ ವಿಷಯವನ್ನು ಬ���ುಕಿನಲ್ಲಿ ಬಿಡಬೇಕಾಗಿಲ್ಲವೆಂಬುದಕ್ಕೆ ಇವರೆಲ್ಲ ಸಾಕ್ಷಿ.

ಆದರೆ ಮಹಾಪುರುಷರ ಉದಾಹರಣೆಯಿಂದ ಸುಳ್ಳು ಧೈರ್ಯ ತಂದುಕೊಳ್ಳಬಾರದು. ಶ್ರೀನಿವಾಸ ರಾಮಾನುಜನ್ನರು ಗಣಿತವೊಂದರಲ್ಲಿಯೇ ಮುಳುಗಿ ಉಳಿದ ವಿಷಯಗಳನ್ನು ಕಡೆಗಣಿಸಿದುದರಿಂದ ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನವನ್ನು ಕಳೆದುಕೊಂಡರು, ಮುಂದೆ ಎಫ್.ಎ. ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಲಿಲ್ಲ. ೧೯೧೨ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತೆಯ ಕೆಲಸಕ್ಕೆ ಸೇರಿದರು. ೧೯೧೪ರಲ್ಲಿ ಅವರು ಕೇಂಬ್ರಿಡ್ಜಿಗೆ ಹೋಗುವಂತಾದದ್ದು ಅವರ ಅಸಾಧಾರಣ ಪ್ರತಿಭೆಯಿಂದ. ಸಾಧಾರಣರಾದ ನಾವು, ಪ್ರೀತಿಯ ವಿಷಯಕ್ಕೆ ಪ್ರಾಣ ಕೊಟ್ಟರೂ ಉಳಿದ ವಿಷಯಗಳಿಗೆ ನ್ಯಾಯವನ್ನಾದರೂ ಕೊಡಬೇಕು. ಮುಖ್ಯವಾಗಿ ಎರಡು ಭಾಷೆಗಳನ್ನು ಮಕ್ಕಳು ಅಲಕ್ಷ್ಯ ಮಾಡುತ್ತಾರೆ. ೬೦೦ರಲ್ಲಿ ೨೦೦ ಅಂಕ ಅವುಗಳದು. ಅದಕ್ಕಿಂತ ಹೆಚ್ಚಾಗಿ, ತಾನು ಬಲ್ಲದ್ದನ್ನು ತಿಳಿಯಾಗಿ ಹೇಳಲಾರದ ವೈದ್ಯನಿಂದ ರೋಗಿಗೂ, ಇಂಜಿನಿಯರಿನಿಂದ ಊರಿಗೂ ಅರ್ಧ ಪ್ರಯೋಜನವೇ ಸರಿ.

ಮನೆಯ ಶಕ್ತಿಯನ್ನು ಕುರಿತು ಮಾತನಾಡಲು ಹಲವರು ಸಂಕೋಚಪಡುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಇಲ್ಲಿಯೂ ಸಲ್ಲುವ ಮಾತು. ಕಾಲೇಜಿನ ಶುಲ್ಕವಲ್ಲದೆ ಪ್ರವೇಶಪರೀಕ್ಷೆಗಳ ತರಬೇತಿ, ಹಾಸ್ಟೆಲಿನ ಖರ್ಚು, ಸೀಟು ದೊರಕದಿದ್ದರೆ ಇನ್ನೊಂದು ವರ್ಷದ ಕಾಯುವಿಕೆ ಇವೆಲ್ಲವನ್ನೂ ಮೊದಲೇ ಲೆಕ್ಕ ಹಾಕಿ, ಆ ಲೆಕ್ಕವನ್ನು ಮಗುವಿನ ಎದುರಿಗೇ ಇಡಬೇಕು. ಮುಚ್ಚಿಟ್ಟ ಸಾಲ ಮಗುವಿನ ಮನಸ್ಸಿನ ಮೇಲೆ ಹೆಚ್ಚು ಭಾರ. ‘ನಿನಗಾಗಿ ಇಷ್ಟು ಖರ್ಚು ಮಾಡಿದ್ದೇವೆ’ ಎಂಬ ಮಾತನ್ನು ಪರೀಕ್ಷೆಯ ಹಿಂದಿನ ದಿನ ಕೇಳಿಸುವುದಕ್ಕಿಂತ, ‘ಇಷ್ಟು ನಮ್ಮಿಂದ ಆದೀತು’ ಎಂಬ ಮಾತನ್ನು ಪ್ರವೇಶದ ದಿನವೇ ಹೇಳುವುದು ದಯೆ. ಮಗಳಾದರೆ ಹತ್ತಿರದ ಕಾಲೇಜು ಸಾಕು, ಮಗನಾದರೆ ದೂರದ ಕಾಲೇಜು ಎಂಬ ಪಕ್ಷಪಾತವನ್ನು ಈ ಲೆಕ್ಕದೊಳಗೆ ಸೇರಿಸಬಾರದು.

ಇಷ್ಟು ಎಚ್ಚರ ವಹಿಸಿಯೂ ಆಯ್ಕೆ ತಪ್ಪಾಗಬಹುದು. ಹಾಗಾದಲ್ಲಿ ತಪ್ಪನ್ನು ಬೇಗ ಒಪ್ಪಿಕೊಳ್ಳುವುದೇ ಅದಕ್ಕೆ ಮದ್ದು. ತರಗತಿಗಳು ಆರಂಭವಾದ ಮೊದಲ ವಾರಗಳಲ್ಲಿಯೇ ವಿಭಾಗವನ್ನು ಬದಲಿಸಿಕೊಡುವಂತೆ ಪ್ರಾಂಶುಪಾಲರನ್ನು ಕೇಳಿಕೊಂಡರೆ, ಸ್ಥಳವಿದ್ದ ಕಡೆ ಸಹಾಯ ದೊರಕುವುದುಂಟು. ತಡವಾದರೂ ಒಂದು ವರ್ಷ ಹೋದುದು ಒಂದು ಜನ್ಮ ಹೋದಂತಲ್ಲ. ನೆಂಟರು ಏನೆಂದಾರೆಂಬ ಅಂಜಿಕೆಯಿಂದ, ಬಾಡುತ್ತಿರುವ ಮಗುವನ್ನು ಅಲ್ಲಿಯೇ ಕೂಡಿಹಾಕುವ ಮನೆಗಳಿವೆ. ಊಟ ತನ್ನ ಇಚ್ಛೆ, ನೋಟ ಪರರ ಇಚ್ಛೆ ಎಂಬುದು ಗಾದೆ. ವಿದ್ಯೆ ಊಟದ ಜಾತಿಗೆ ಸೇರಿದ್ದು. ಅದನ್ನು ನೋಟವೆಂದು ಎಣಿಸಿದಾಗಲೇ ಕೇಡು ಮೊದಲಾಗುತ್ತದೆ. ಮಗು ಮೌನವಾಗಿದ್ದರೆ, ನಿದ್ರೆ ಆಹಾರಗಳನ್ನು ಬಿಟ್ಟಿದ್ದರೆ, ಅಂಕದ ಪ್ರಶ್ನೆಯನ್ನು ಬದಿಗಿಟ್ಟು ಮಗುವನ್ನು ವಿಚಾರಿಸಿಕೊಳ್ಳುವುದು ತಂದೆತಾಯಿಗಳ ಮೊದಲ ಕರ್ತವ್ಯ.

ನಾವು ಊಹಿಸಿಕೊಂಡ ಮನೆಗೆ ಮತ್ತೊಮ್ಮೆ ಹೋಗೋಣ. ತಂದೆ ಮಗಳಿಬ್ಬರೂ ಹಟವನ್ನು ಬಿಟ್ಟು ಒಂದು ವಾರದ ಅವಧಿ ತೆಗೆದುಕೊಂಡರೆಂದು ಭಾವಿಸಿ. ಎರವಲು ಪುಸ್ತಕಗಳು ಬಂದವು. ಭೌತಶಾಸ್ತ್ರದ ಅಧ್ಯಾಯವನ್ನು ಮಗಳು ಕರ್ತವ್ಯವೆಂದು ಓದಿ ಮುಗಿಸಿದಳು. ಅರ್ಥಶಾಸ್ತ್ರದ ಪುಸ್ತಕದೊಡನೆ ಎರಡು ರಾತ್ರಿ ಎಚ್ಚರವಿದ್ದಳು. ಗಣಿತ ಆಕೆ ಹೆದರಿದ್ದಷ್ಟು ಕಹಿಯಾಗಿರಲಿಲ್ಲ. ಸಂಖ್ಯಾಶಾಸ್ತ್ರದ ಅಧ್ಯಾಯವಂತೂ ಈರುಳ್ಳಿಯ ಬೆಲೆಯ ಜಾಡನ್ನೇ ಹಿಡಿದಂತೆ ಕಂಡಿತು. ಆಗ ಮೂರನೆಯ ಹಾದಿಯೊಂದು ತೋರಿತು: ವಾಣಿಜ್ಯ ವಿಭಾಗದಲ್ಲಿ ಅರ್ಥಶಾಸ್ತ್ರ, ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನಗಳ ಜೊತೆಗೆ ನಾಲ್ಕನೆಯದಾಗಿ ಇತಿಹಾಸಕ್ಕೆ ಬದಲು ಮೂಲ ಗಣಿತ. ಮುಂದೆ ಸೇರಬೇಕೆಂದಿರುವ ವಿಶ್ವವಿದ್ಯಾಲಯ ಈ ಗಣಿತವನ್ನು ಒಪ್ಪುತ್ತದೆಯೆ ಎಂದು ಪ್ರವೇಶಪತ್ರಕ್ಕೆ ಮೊದಲೇ ಬರೆದು ವಿಚಾರಿಸುವ ಕೆಲಸವನ್ನು ತಂದೆ ವಹಿಸಿಕೊಂಡರು. ತಂದೆಯ ಎಚ್ಚರಿಕೆಯೂ ಉಳಿಯಿತು, ಮಗಳ ಒಲವೂ ಉಳಿಯಿತು. ಬೇರೆ ಮನೆಯಲ್ಲಿ ಇದೇ ವಿಚಾರಣೆಯಿಂದ ಭೌತಶಾಸ್ತ್ರವೇ ಗೆಲ್ಲಬಹುದು, ಪಾಲಿಟೆಕ್ನಿಕ್ಕು ಗೆಲ್ಲಬಹುದು, ಐಚ್ಛಿಕ ಕನ್ನಡವೂ ಗೆಲ್ಲಬಹುದು. ಉತ್ತರ ಮನೆಮನೆಗೆ ಬೇರೆಯಾಗುತ್ತದೆ. ಪ್ರಶ್ನೆಗಳು ಮಾತ್ರ ಅವೇ. ಯಾವ ಬಾಗಿಲು ಮುಚ್ಚುತ್ತದೆ? ತೆರೆದ ಬಾಗಿಲಿಗೆ ಈ ಮಗುವಿನ ಕಾಲು ನಡೆದೀತೆ? ನಡೆಸುವ ಶಕ್ತಿ ಮನೆಗೆ ಇದೆಯೆ?

ಪ್ರವೇಶಪತ್ರದ ಕೊನೆಯಲ್ಲಿ ವಿದ್ಯಾರ್ಥಿಯ ರುಜು, ಪೋಷಕರ ರುಜು ಎಂದು ಎರಡಕ್ಕೂ ಸ್ಥಳವಿರುತ್ತದೆ. ಲೇಖನಿಯನ್ನು ಮೊದಲು ಮಗುವಿನ ಕೈಗೆ ಕೊಡಿ. ಬಾಗಿಲ ಮರೆಯಿಂದ ಅದನ್ನು ಒಳಕ್ಕೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಅದರ ಮಾತು ಮುಗಿಯುವವರೆಗೂ ಕೇಳಿದ ಮೇಲೆ ತಾವು ರುಜು ಮಾಡಬಹುದು.